ಹೇಮಾವತಿಯ ತೀರದ ಸ್ಥಾವರಗಳು

ಹಾಸನ ಜಿಲ್ಲೆಯ ಹೆಸರೆತ್ತಿದೊಡನೆ ಕೇಳುವವರ ಮನಸ್ಸು ಬೇಲೂರು, ಹಳೇಬೀಡುಗಳತ್ತ ಹರಿಯುವುದು ಸಹಜವೇ ಸರಿ. ಹೊಯ್ಸಳ ಶಿಲ್ಪಿಗಳ ಉಳಿಯಲ್ಲಿ ಅರಳಿದ ಆ ದೇಗುಲಗಳು ಸೋಮನಾಥಪುರದ ದೇಗುಲದೊಡನೆ 2023ರ ಸೆಪ್ಟೆಂಬರ್ ತಿಂಗಳಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಹೆಮ್ಮೆಪಡದವರು ನಮ್ಮಲ್ಲಿ ಯಾರು? ಆದರೆ ಅದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ಮತ್ತು ಅಲ್ಲಿಂದ ಕೆಳಕ್ಕೆ ಹೊಳೆ ಹರಿದ ದಾರಿಯಲ್ಲಿ, ಅಂಥ ಕೀರ್ತಿಯ ಭಾರವಿಲ್ಲದ ಹಳೆಯ ಕಟ್ಟಡಗಳು ಕೆಲವಿವೆ. ಅವುಗಳ ಮೈಮೇಲೆ ಮದನಿಕೆಯರಿಲ್ಲ. ಮಳೆಗಾಲದ ಪಾಚಿ, ಬೇಸಿಗೆಯ ಬಿರುಕು ಇವೇ ಅವುಗಳ ಅಲಂಕಾರ. ನಿವೃತ್ತಿಯ ನಂತರ ದೊರೆತ ಬಿಡುವಿನಲ್ಲಿ ಈ ಕಟ್ಟಡಗಳನ್ನು ಒಂದೊಂದಾಗಿ ಮತ್ತೆ ನೋಡಿಬಂದೆ. ಹಾಗೆ ನೋಡುವಾಗ ಮೂಡಿದ ವಿಚಾರಗಳನ್ನು ಶ್ರೀಮಠದ ಶಾಲೆಯ ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲು ಹೊಳೆಯ ಮಾತು. ಹೇಮಾವತಿಯು ಮೂಡಿಗೆರೆ ತಾಲ್ಲೂಕಿನಲ್ಲಿ, ಬಲ್ಲಾಳರಾಯನ ದುರ್ಗದ ಸಮೀಪದ ಬೆಟ್ಟಗಳಲ್ಲಿ ಹುಟ್ಟಿ, ಸಕಲೇಶಪುರದ ಮಗ್ಗುಲಲ್ಲಿ ಹಾದು, ಆಲೂರು ಸೀಮೆಯನ್ನು ತಣಿಸಿ, ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಸುಮಾರು 245 ಕಿಲೋಮೀಟರು ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆಷಾಢದಲ್ಲಿ ಅವಳು ಕೆಮ್ಮಣ್ಣಿನ ಬಣ್ಣದವಳು. ದಡದ ಬಿದಿರು ಮೆಳೆಗಳ ಬುಡವನ್ನೇ ಕೀಳುವೆನೆಂಬ ಆರ್ಭಟದಿಂದ ಹರಿಯುತ್ತಾಳೆ. ಕಾರ್ತಿಕ ಬಂದಿತೆಂದರೆ ನೀರು ತಿಳಿಯಾಗುತ್ತದೆ. ತಗ್ಗಿನ ಗದ್ದೆಗಳಲ್ಲಿ ಭತ್ತದ ತೆನೆ ಬಾಗುತ್ತದೆ. ಮೇಲಿನ ತೋಟಗಳಲ್ಲಿ ಕಾಫಿಯ ಹಣ್ಣು ಕೆಂಪಾಗತೊಡಗುತ್ತದೆ. ನೆರಳಿನ ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿಗಳ ನಡುವಿನಿಂದ ಬೆಳಗಿನ ಮಂಜು ಎದ್ದು ಹೊಳೆಯ ಮೇಲೆ ಹಾಸಿಕೊಳ್ಳುತ್ತದೆ. ಈ ಚೆಲುವನ್ನು ಬಣ್ಣಿಸಲು ನನಗಿಂತ ಸಮರ್ಥರಾದ ಲೇಖಕರಿದ್ದಾರೆ. ನಾನು ಹೇಳಬೇಕೆಂದಿರುವುದು ಈ ನೀರಿನ ಮಗ್ಗುಲಲ್ಲಿ ಮನುಷ್ಯನು ಕಟ್ಟಿದ್ದು ಹೇಗೆ ಬಾಳಿತು, ಹೇಗೆ ಬೀಳುತ್ತಿದೆ ಎಂಬುದನ್ನು.

ಸಕಲೇಶಪುರವೆಂಬ ಹೆಸರಿನಲ್ಲಿಯೇ ಈ ವಿಚಾರದ ಬೀಜವಿದೆ. ಊರಿಗೆ ಹೆಸರು ಕೊಟ್ಟ ಸಕಲೇಶ್ವರನ ಗುಡಿ ಹೊಯ್ಸಳರ ಕಾಲದ್ದು. ಹೊಯ್ಸಳರು ಇಲ್ಲಿಗೆ ಬಂದಾಗ ಅವರಿಗೆ ದೊರೆತ ಶಿವಲಿಂಗವು ಭಿನ್ನವಾಗಿತ್ತೆಂದೂ, ಆದುದರಿಂದ ಅದನ್ನು ಶಕಲೇಶ್ವರನೆಂದು ಕರೆದರೆಂದೂ, ಕಾಲಾಂತರದಲ್ಲಿ ಅದೇ ಸಕಲೇಶ್ವರನಾಯಿತೆಂದೂ ಸ್ಥಳೀಯ ಐತಿಹ್ಯ. ಶಕಲವೆಂದರೆ ಚೂರು, ಸಕಲವೆಂದರೆ ಸಮಸ್ತ. ಐತಿಹ್ಯವನ್ನು ಇತಿಹಾಸವೆಂದು ನಾನು ಸಾಧಿಸಹೊರಟಿಲ್ಲ. ಆದರೆ ಒಡೆದ ಕಲ್ಲನ್ನು ಎಸೆಯದೆ, ಅದಕ್ಕೆ ನೀರೆರೆದು, ಪತ್ರೆಯೇರಿಸಿ, ತಲೆಮಾರುಗಳ ಆರಾಧನೆಯಿಂದ ಚೂರನ್ನು ಸಮಸ್ತವನ್ನಾಗಿಸಿದ ಜನರ ಊರಿದು ಎಂದು ನೆನೆದಾಗ ಮನಸ್ಸಿಗೆ ಒಂದು ಬಗೆಯ ಬೆಳಕು ದೊರೆಯುತ್ತದೆ. ಗುಡಿ ಚಿಕ್ಕದು. ಆದರೆ ಇಂದಿಗೂ ಅಲ್ಲಿ ದೀಪವುಂಟು, ಗಂಟೆಯುಂಟು, ವರ್ಷಕ್ಕೊಮ್ಮೆ ತೇರೂ ಉಂಟು.

ಅದೇ ಊರಿನಲ್ಲಿ ಹೊಳೆಯ ಪಾತ್ರಕ್ಕೆ ಇನ್ನೂ ಹತ್ತಿರವಾಗಿ ಹೊಳೆಮಲ್ಲೇಶ್ವರನ ಸನ್ನಿಧಿಯಿದೆ. ಮುಂಗಾರು ಬಿರುಸಾದ ವರ್ಷಗಳಲ್ಲಿ ಹೇಮಾವತಿಯು ದಡ ಮೀರಿ ಬಂದು ಈ ಗುಡಿಯನ್ನು ಆವರಿಸಿಕೊಳ್ಳುತ್ತಾಳೆ. ಹೊಸಬರಿಗೆ ಇದು ಅನಾಹುತದಂತೆ ಕಾಣಬಹುದು. ಊರಿನ ಹಿರಿಯರಿಗೆ ಹಾಗಲ್ಲ. ಅದು ಮಳೆಯ ಅಳತೆಗೋಲು. ಮಲ್ಲೇಶ್ವರನ ಮೆಟ್ಟಿಲಿಗೆ ನೀರು ಬಂದಿತೆ, ಬಾಗಿಲಿಗೆ ಬಂದಿತೆ ಎಂದು ಕೇಳಿಯೇ ಆ ವರ್ಷದ ಮಳೆಯನ್ನು ತೂಗುವವರನ್ನು ನಾನು ಕಂಡಿದ್ದೇನೆ. ನೀರಿಳಿಯಿತೆಂದರೆ ಕೆಸರನ್ನು ಬಾಚಿ, ಕಲ್ಲನ್ನು ತೊಳೆದು, ಮತ್ತೆ ದೀಪ ಹಚ್ಚುತ್ತಾರೆ. ಕಟ್ಟಡವೊಂದು ಮುಳುಗುವುದು ಅದರ ಅಂತ್ಯವಲ್ಲ; ನೀರಿಳಿದ ಮೇಲೆ ಪೊರಕೆ ಹಿಡಿದು ಬರುವವರಿಲ್ಲದಿರುವುದೇ ಅದರ ಅಂತ್ಯ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದು ಬೇಕಾಗುತ್ತದೆ.

ಹೊಳೆಯ ದಡವನ್ನು ತುಸು ಬಿಟ್ಟು ಮಂಗಳೂರಿನ ಹೆದ್ದಾರಿಯಲ್ಲಿ ಸಾಗಿದರೆ ದೋಣಿಗಾಲಿನ ಸಮೀಪದಲ್ಲಿ ಮಂಜರಾಬಾದಿನ ಕೋಟೆ ಸಿಗುತ್ತದೆ. ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಕೋಟೆ ಪೂರ್ಣಗೊಂಡದ್ದು 1792ರಲ್ಲಿ. ಮೂರನೆಯ ಮೈಸೂರು ಯುದ್ಧ ಮುಗಿದು ಶ್ರೀರಂಗಪಟ್ಟಣದ ಒಪ್ಪಂದವಾದದ್ದೂ ಆ ವರ್ಷವೇ. ಕರಾವಳಿಯಿಂದ ಘಟ್ಟ ಹತ್ತಿಬರುವ ದಾರಿಯನ್ನು ಕಾಯುವುದು ಇದರ ಕೆಲಸ. ಎಂಟು ಕೋನಗಳ ನಕ್ಷತ್ರದ ಆಕಾರದಲ್ಲಿ, ಫ್ರೆಂಚರ ಕೋಟೆಗಳ ಮಾದರಿಯನ್ನು ಅನುಸರಿಸಿ ಇದನ್ನು ಕಟ್ಟಲಾಗಿದೆ. ಒಂದು ಕೋನದ ಗೋಡೆಗೆ ಏರಿಬರುವ ಶತ್ರುವನ್ನು ಪಕ್ಕದ ಕೋನದಿಂದ ಹೊಡೆಯಬಹುದಾಗಿರುವುದರಿಂದ ಗುಂಡು ತಾಗದ ಮರೆಯೆಂಬುದು ಅವನಿಗೆ ಸಿಗದು; ಅದೇ ಆ ಆಕಾರದ ಗುಟ್ಟು. ಕೋಟೆಯ ನಡುವೆ ಶಿಲುಬೆಯಾಕಾರದ ಮೆಟ್ಟಿಲ ಬಾವಿಯೂ ಅದರ ಮಗ್ಗುಲಲ್ಲಿ ಮದ್ದಿನ ನೆಲಮಾಳಿಗೆಗಳೂ ಇವೆ. ಪ್ರವೇಶದ್ವಾರದ ಒಳಮಾಡಿನಲ್ಲಿ ಕೋಟೆಯ ನಕ್ಷೆಯನ್ನೇ ಬಿಡಿಸಿರುವುದನ್ನು ತಲೆಯೆತ್ತಿ ನೋಡುವವರು ವಿರಳ. ಮಂಜು ಕವಿದ ದಿನ ಆ ಬಾವಿಯ ಕಟ್ಟೆಯ ಮೇಲೆ ನಿಂತರೆ ಎದುರಿನ ಗೋಡೆಯೂ ಕಾಣದು. ಬಿಸಿಲಿನ ದಿನಗಳಲ್ಲಿಯಾದರೋ ಪ್ರವಾಸಿಗರು ತಂಡತಂಡವಾಗಿ ಬರುತ್ತಾರೆ. ಬಂದವರಲ್ಲಿ ಕೆಲವರು ಗಾರೆಯ ಮೇಲೆ ತಮ್ಮ ಹೆಸರನ್ನು ಕೆತ್ತಿ ಹೋಗುತ್ತಾರೆ. ನೋಡುವವರು ಸಾವಿರ, ನೋಡಿಕೊಳ್ಳುವವರು ಬೆರಳೆಣಿಕೆಯಷ್ಟು! ನೋಡುವುದಕ್ಕೂ ನೋಡಿಕೊಳ್ಳುವುದಕ್ಕೂ ನಡುವಿನ ಅಂತರವನ್ನು ನಮ್ಮ ಭಾಷೆ ಎಷ್ಟು ಸರಳವಾಗಿ ಹೇಳಿಬಿಟ್ಟಿದೆ!

ಕೋಟೆ ಕಟ್ಟಿದವರ ಕಾಲ ಮುಗಿದ ಮೇಲೆ ಈ ಬೆಟ್ಟಗಳಿಗೆ ಆಂಗ್ಲ ತೋಟಗಾರರು ಬಂದರು. ಸಕಲೇಶಪುರ ಸೀಮೆಗೆ ಆಗ ಮಂಜರಾಬಾದು ತಾಲ್ಲೂಕೆಂದೇ ಹೆಸರು. ಇಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬವರು ಮೈಸೂರು ಸಂಸ್ಥಾನದ ಕಾಫಿ ಕೃಷಿಯ ವಿಷಯವಾಗಿ 1871ರಲ್ಲಿಯೂ 1894ರಲ್ಲಿಯೂ ಪುಸ್ತಕಗಳನ್ನು ಪ್ರಕಟಿಸಿದರು. ಈ ಜನರ ಸ್ವದೇಶದಲ್ಲಿ ನೀರಿನ ದಡದ ಕಟ್ಟಡಗಳಿಗೆ ಒದಗಿದ ಗತಿಯನ್ನು ಇಲ್ಲಿ ಒಂದು ಕ್ಷಣ ನೆನೆಯುವುದು ಅಪ್ರಸ್ತುತವಾಗಲಾರದು. ಇಂಗ್ಲೆಂಡಿನಲ್ಲಿ 1761ರಲ್ಲಿ ತೆರೆದ ಬ್ರಿಜ್‌ವಾಟರ್ ಕಾಲುವೆಯ ಮೂಲಕ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ದೋಣಿಯಲ್ಲಿ ಬಂದಿಳಿಯಿತು. ಅನಂತರ ನಾಡಿನ ತುಂಬ ಕಾಲುವೆಗಳಾದವು. ದಡದಲ್ಲಿ ದೋಣಿಯನ್ನೆಳೆಯುವ ಕುದುರೆಗಳ ಹಾದಿ, ನೀರನ್ನು ಏರಿಸಿ ಇಳಿಸುವ ಬಾಗಿಲುಗಳು, ಆ ಬಾಗಿಲು ಕಾಯುವವನ ಮನೆ, ಉಗ್ರಾಣ ಎಲ್ಲವೂ ಎದ್ದವು. ರೈಲು ಬಂದೊಡನೆ ಕಾಲುವೆಗಳ ವ್ಯಾಪಾರ ಕುಸಿಯಿತು. ಎಷ್ಟೋ ಕಾಲುವೆಗಳಲ್ಲಿ ಹೂಳು ತುಂಬಿತು. ಅವು ಅಳಿದುಹೋಗಬಾರದೆಂದು ಜನರೇ 1946ರಲ್ಲಿ ಸಂಘವೊಂದನ್ನು ಕಟ್ಟಿಕೊಂಡು, ರಜಾದಿನಗಳಲ್ಲಿ ತಾವೇ ಗುದ್ದಲಿ ಹಿಡಿದು ಹೂಳೆತ್ತಿದರು. 2012ರಿಂದ ಇಂಗ್ಲೆಂಡು, ವೇಲ್ಸ್‌ಗಳ ಬಹುಪಾಲು ಕಾಲುವೆಗಳನ್ನು ಧರ್ಮದತ್ತಿ ಸಂಸ್ಥೆಯೊಂದು ನೋಡಿಕೊಳ್ಳುತ್ತಿದೆ. ಲಂಡನ್ನಿನ ಹೊರವಲಯದ ಊರುಗಳಲ್ಲಿ ಇಂದು ಆ ಕುದುರೆಹಾದಿಯ ಮೇಲೆ ಮುದುಕರು ವಾಯುವಿಹಾರ ಮಾಡುತ್ತಾರೆ, ಉಗ್ರಾಣಗಳು ವಾಸದ ಮನೆಗಳಾಗಿವೆ. ಅವರ ಬಳಿ ಹಣವಿತ್ತೆಂಬುದು ನಿಜ. ಆದರೆ ಮೊದಲು ಬಂದದ್ದು ಹಣವಲ್ಲ, ಗುದ್ದಲಿ. ನಮ್ಮ ಶರಣರು ಕಾಯಕವೆಂದು ಕರೆದದ್ದು ಇದನ್ನೇ ಅಲ್ಲವೆ?

ಈಗ ಹೊಳೆಯ ಕೆಳದಂಡೆಗೆ ಬರೋಣ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡಿತು. 2,922 ಅಡಿಯ ಮಟ್ಟಕ್ಕೆ ತುಂಬಿದಾಗ ಅದರಲ್ಲಿ ನಿಲ್ಲುವ ನೀರು 37 ಟಿಎಂಸಿಗೂ ಹೆಚ್ಚು. ಎಡದಂಡೆ, ಬಲದಂಡೆಗಳ ನಾಲೆಗಳು ಆ ನೀರನ್ನು ಹಾಸನದ ಬಯಲಿಗೂ ಮಂಡ್ಯ, ತುಮಕೂರು ಜಿಲ್ಲೆಗಳಿಗೂ ಒಯ್ಯುತ್ತವೆ. ತುಮಕೂರಿನ ಕಡೆಗೆ ಸಾಗುವ ನೀರು ಬಾಗೂರು ನವಿಲೆಯ ಸುರಂಗದಲ್ಲಿ ಗುಡ್ಡದ ಹೊಟ್ಟೆಯನ್ನೇ ಸೀಳಿಕೊಂಡು ಹೋಗುತ್ತದೆ. ನಾಲೆಯ ಏರಿಯ ಮೇಲೆ ಸಂಜೆ ನಡೆದವರಿಗೆ ಆ ದೃಶ್ಯದ ಸೊಬಗನ್ನು ಹೇಳಬೇಕಾಗಿಲ್ಲ. ಒಂದು ಮಗ್ಗುಲಲ್ಲಿ ನಿಧಾನವಾಗಿ ಸರಿಯುವ ನೀರು, ಇನ್ನೊಂದು ಮಗ್ಗುಲಲ್ಲಿ ಹಸಿರು ಗದ್ದೆ, ನೀರಿನ ಮೇಲೆ ತೂಗುವ ತೆಂಗಿನ ಗರಿಗಳ ನೆರಳು. ಬರದ ಸೀಮೆಯ ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡವನ್ನು ಇಳಿಸಿದ ಪುಣ್ಯ ಈ ನಾಲೆಗಳದು.

ಆದರೆ ನಾಲೆಯ ತುದಿಯಲ್ಲಿ ಹಸಿರಾದುದು ಅದರ ಬುಡದಲ್ಲಿ ಮುಳುಗಡೆಯಾಗಿತ್ತು. ಆಲೂರು ಸೀಮೆಯ ಹೊಳೆದಂಡೆಯ ಫಲವತ್ತಾದ ನೆಲಕ್ಕೆ ಹಿನ್ನೀರು ಹಬ್ಬಿತು. ಊರು ಬಿಟ್ಟವರಿಗೆ ಸರ್ಕಾರವು ಬೇರೆಡೆ ಭೂಮಿಯನ್ನು ಕಾದಿರಿಸಿತು. ಹೇಮಾವತಿ ಜಲಾಶಯ ಯೋಜನೆ ಎಂಬುದರ ಆಂಗ್ಲ ಅಕ್ಷರಗಳಿಂದಾದ ಎಚ್.ಆರ್.ಪಿ. ಎಂಬ ಮಾತು ನಮ್ಮ ಎರಡೂ ತಾಲ್ಲೂಕುಗಳ ಕಚೇರಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹಿನ್ನೀರಿನ ದಡದಲ್ಲಿ ಒಮ್ಮೆ ದನ ಕಾಯುತ್ತ ಕುಳಿತಿದ್ದ ಹಿರಿಯರೊಬ್ಬರೊಡನೆ ಮಾತನಾಡುವ ಅವಕಾಶ ಒದಗಿತು. ಅವರು ಕೋಲನ್ನೆತ್ತಿ ನೀರಿನ ಕಡೆ ತೋರಿಸಿ, "ಅಗೋ, ಅಲ್ಲಿ ಒಣಮರದ ತುದಿ ಕಾಣ್ತದಲ್ಲ ಮೇಷ್ಟ್ರೇ, ಅದರ ಬುಡದಾಗೇ ನಮ್ಮ ಮನೆ ಇತ್ತು. ಮುಂದೆ ಈಶ್ವರನ ಗುಡಿ. ಬೇಸಿಗೇಲಿ ನೀರು ಪೂರಾ ಇಳಿದ್ರೆ ಬಾವಿ ಕಟ್ಟೆ ಕಾಣ್ತದೆ," ಎಂದರು. ಆ ಊರಿನ ಹೆಸರನ್ನು ಮೊಮ್ಮಕ್ಕಳಿಗೆ ಹೇಳಿದ್ದೀರಾ ಎಂದು ಕೇಳಿದೆ. "ಅವಕ್ಕೆ ಯಾಕೆ ಬೇಕು ಸ್ವಾಮಿ, ಇಲ್ಲದ ಊರು," ಎಂದು ನಕ್ಕರು. ಅಣೆಕಟ್ಟೆ ಮುಗಿದ ವರ್ಷ ಹತ್ತರ ಬಾಲಕನಾಗಿದ್ದವನು ಇಂದು ಅರವತ್ತರ ಅಂಚನ್ನು ತಲುಪಿದ್ದಾನೆ ಅಥವಾ ದಾಟುತ್ತಿದ್ದಾನೆ. ಆಗ ಮನೆಯ ಯಜಮಾನರಾಗಿದ್ದವರಲ್ಲಿ ಉಳಿದವರು ಕೆಲವರೇ. ಆ ಹಿರಿಯರ ನಗುವಿನ ಹಿಂದೆ ಇರುವ ನಷ್ಟಕ್ಕೆ ಪರಿಹಾರದ ಕಡತದಲ್ಲಿ ಕಲಮೇ ಇಲ್ಲ.

ಹಿನ್ನೀರಿನ ನಡುವೆ ತಲೆಯೆತ್ತಿ ನಿಂತಿರುವ ಶೆಟ್ಟಿಹಳ್ಳಿಯ ಇಗರ್ಜಿಯ ಚಿತ್ರವನ್ನು ಪತ್ರಿಕೆಗಳಲ್ಲಿ ನೋಡದವರು ಕಡಿಮೆ. ಗೊರೂರಿನ ಹಾದಿಯ ಸಮೀಪದಲ್ಲಿರುವ ಇದನ್ನು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆಲೂರು, ಸಕಲೇಶಪುರಗಳ ತೋಟದ ದೊರೆಗಳೂ ಇಲ್ಲಿ ಪ್ರಾರ್ಥನೆಗೆ ಬರುತ್ತಿದ್ದರೆಂಬ ಹೇಳಿಕೆಯುಂಟು. ಚೂಪಾದ ಕಮಾನುಗಳ ಗಾಥಿಕ್ ಶೈಲಿಯ ಈ ಕಟ್ಟಡಕ್ಕೆ ಈಗ ಮಾಡಿಲ್ಲ. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಒಣಗಿದ ಕೆಸರಿನ ನಡುವೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ನಾನು ಒಳಗೆ ಹೋಗಿ ನಿಂತಾಗ ಕಂಡದ್ದು ಇಟ್ಟಿಗೆಯ ಮೇಲೆ ನೀರಿನ ಮಟ್ಟ ಎಳೆದ ಗೆರೆಗಳು, ಕಮಾನಿನ ಸಂದಿನಲ್ಲಿ ಹಕ್ಕಿಯ ಗೂಡು, ಮದುವೆಯ ಚಿತ್ರ ತೆಗೆಸಿಕೊಳ್ಳಲು ಬಂದ ವಧೂವರರು. ಹೊಳೆಮಲ್ಲೇಶ್ವರನ ಗುಡಿಯೂ ಮುಳುಗುತ್ತದೆ, ಶೆಟ್ಟಿಹಳ್ಳಿಯ ಇಗರ್ಜಿಯೂ ಮುಳುಗುತ್ತದೆ. ನದಿ ಒಂದೇ, ಮಳೆ ಒಂದೇ. ಒಂದು ಬಾಳುತ್ತಿದೆ, ಇನ್ನೊಂದು ಕರಗುತ್ತಿದೆ. ನೀರು ಅಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆಂಬುದು ಒಂದು ಕಾರಣ. ಅಲ್ಲಿಯ ಜನರನ್ನು ಅಲ್ಲಿಂದ ಎಬ್ಬಿಸಿದ್ದು ಅದಕ್ಕಿಂತ ದೊಡ್ಡ ಕಾರಣ. ಪೊರಕೆ ಹಿಡಿಯಬೇಕಾದ ಕೈಗಳು ದೂರವಾದವು. ಗುಡಿಯಾಗಲಿ ಇಗರ್ಜಿಯಾಗಲಿ ಮಸೀದಿಯಾಗಲಿ ಈ ನಿಯಮಕ್ಕೆ ಹೊರತಲ್ಲ.

ಸ್ಥಾವರ, ಜಂಗಮ ಎಂಬ ಮಾತುಗಳನ್ನು ಶ್ರೀಮಠದ ಮಕ್ಕಳಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ನಿಂತದ್ದು ಅಳಿಯುತ್ತದೆ, ಚಲಿಸುವ ಚೈತನ್ಯ ಉಳಿಯುತ್ತದೆ ಎಂಬ ಬಸವಣ್ಣನವರ ನಿಲುವನ್ನು ಕೇಳುತ್ತಲೇ ನಾವು ಬೆಳೆದವರು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿ ಗುಡಿಗಳನ್ನು ನಿಲ್ಲಿಸುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಕಟ್ಟುವ ಕೆಲಸವೇ ಕಡೆಯ ಗುರಿಯಾಗಬಾರದೆಂದು ಎಚ್ಚರಿಸಿದರೆಂದು ಪರಂಪರೆ ಹೇಳುತ್ತದೆ. ಹಾಗಿದ್ದಮೇಲೆ ಹಳೆಯ ಗೋಡೆಗಳಿಗಾಗಿ ಮರುಗುವುದು ಶರಣಮಾರ್ಗಕ್ಕೆ ಒಪ್ಪುವುದೆ ಎಂದು ಯಾರಾದರೂ ಕೇಳಬಹುದು. ನನ್ನ ಅಲ್ಪಮತಿಗೆ ತೋಚಿದ ಉತ್ತರವಿಷ್ಟು: ಕಲ್ಲಿಗಾಗಿ ಮರುಗಬೇಕಾಗಿಲ್ಲ. ಆದರೆ ಕಲ್ಲಿನ ಸುತ್ತ ನಡೆದ ಕಾಯಕ, ಹಂಚಿಕೊಂಡ ದಾಸೋಹ, ಹಾಡಿದ ಹಾಡು, ಊರಿನ ಹೆಸರು ಇವು ಜಂಗಮವೇ. ಅವು ಒಬ್ಬರ ನಾಲಗೆಯಿಂದ ಇನ್ನೊಬ್ಬರ ಕಿವಿಗೆ ಚಲಿಸುತ್ತಿದ್ದರೆ ಮಾತ್ರ ಬದುಕುತ್ತವೆ. ಆ ಚಲನೆಯನ್ನು ನಿಲ್ಲಗೊಡುವುದು ಸ್ಥಾವರದ ನಾಶವಲ್ಲ, ಜಂಗಮಕ್ಕೆ ಮಾಡುವ ಅಪಚಾರ.

ಇದು ಕಳೆದುಹೋದ ಕಾಲದ ಪ್ರಶ್ನೆಯೂ ಅಲ್ಲ. ಬಿಸಿಲೆಯ ಹಾದಿಯಲ್ಲಿ ಮಂಕನಹಳ್ಳಿಯ ಬಳಿ ನೀರು ಕವಲೊಡೆಯುವ ದಿಣ್ಣೆಯನ್ನು ಗುರುತಿಸುವ ಕಲ್ಲೊಂದಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರಾ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿನದು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ. ಪ್ರಕೃತಿಯು ಎಳೆದ ಆ ಗೆರೆಯನ್ನು ಮನುಷ್ಯನು ಈಗ ದಾಟಿದ್ದಾನೆ. ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗದಹಳ್ಳಗಳ ನೀರನ್ನು ಮೇಲೆತ್ತಿ ಪೂರ್ವದ ಬಯಲಿಗೆ ಹರಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು, ಗೌರಿಹಬ್ಬದ ದಿನ, ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ದೊರೆಯಿತು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಸುಳ್ಳಲ್ಲ. ಘಟ್ಟದ ಕಾಡಿಗೂ ನೇತ್ರಾವತಿಗೂ ಏನಾದೀತೆಂಬ ಆತಂಕವೂ ಸುಳ್ಳಲ್ಲ. ಆ ವಾದವನ್ನು ಬಗೆಹರಿಸುವ ಸಾಮರ್ಥ್ಯ ಈ ಲೇಖಕನಿಗಿಲ್ಲ. ಆದರೆ ನಮ್ಮ ಗುಡ್ಡಗಳ ನಡುವೆ ಹೊಸದೊಂದು ಕಾಲುವೆ ಬಂದಿರುವುದು ಕಣ್ಣೆದುರಿನ ಸತ್ಯ. ಅದು ಹಾದ ಜಾಗದಲ್ಲಿ ಯಾರ ಗದ್ದೆಯಿತ್ತು, ಯಾವ ಬನವಿತ್ತು, ಎಲ್ಲಿ ವೀರಗಲ್ಲು ನಿಂತಿತ್ತು ಎಂದು ಐವತ್ತು ವರ್ಷಗಳ ಮೇಲೆ ಯಾರಾದರೂ ಕೇಳಿದರೆ ಉತ್ತರಿಸುವವರು ಯಾರು?

ಬರೆದಿಟ್ಟದ್ದು ಉಳಿಯುತ್ತದೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಬಿ. ಎಲ್. ರೈಸ್ ಅವರು ಊರೂರಿನ ಕಲ್ಲುಗಳ ಅಕ್ಷರಗಳನ್ನು ಪ್ರತಿಮಾಡಿಸಿ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು 1902ರಲ್ಲಿ ಪ್ರಕಟಿಸಿದರು. ಆ ಬಳಿಕ ಕಲ್ಲು ಒಡೆದರೂ ಅದರ ಮಾತು ಒಡೆಯಲಿಲ್ಲ. ಇದೇ ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ 'ಹಳ್ಳಿಯ ಚಿತ್ರಗಳು' ಮುಂತಾದ ಕೃತಿಗಳಲ್ಲಿ ಹೊಳೆದಂಡೆಯ ಜನರನ್ನು ನಗುನಗುತ್ತ ಚಿತ್ರಿಸಿದರು. ಆ ಬದುಕು ಇಂದು ಹಾಗೆಯೇ ಇಲ್ಲದಿದ್ದರೂ ಓದಿದವನ ಮನಸ್ಸಿನಲ್ಲಿ ನಡೆದಾಡುತ್ತಿದೆ. ಇಬ್ಬರೂ ಗೋಡೆ ಕಟ್ಟಲಿಲ್ಲ. ಆದರೆ ಅನೇಕ ಗೋಡೆಗಳಿಗಿಂತ ಅವರ ಕೆಲಸ ಗಟ್ಟಿಯಾಗಿ ನಿಂತಿದೆ.

ಆದುದರಿಂದ ಈ ಸಂಚಿಕೆಯ ಮೂಲಕ ನಮ್ಮ ಶಾಲೆಯ ಬಳಗದ ಮುಂದೆ ಒಂದು ಬಿನ್ನಹವನ್ನಿಡಬಯಸುತ್ತೇನೆ. ಅಧ್ಯಾಪಕ ಬಂಧುಗಳು ಪ್ರತಿವರ್ಷ ಪ್ರೌಢಶಾಲೆಯ ಒಂದು ತರಗತಿಯ ಮಕ್ಕಳಿಗೆ ಒಂದೇ ಕೆಲಸ ಕೊಡಲಿ. ಮಗುವು ತನ್ನ ಊರಿನ ಅಥವಾ ನೆರೆಯೂರಿನ ಒಂದು ಹಳೆಯ ಕಟ್ಟಡ, ಕಲ್ಯಾಣಿ, ಸೇತುವೆ, ಇಲ್ಲವೆ ಮುಳುಗಿದ ಒಂದು ಊರಿನ ವಿಷಯವಾಗಿ ಅಜ್ಜ ಅಜ್ಜಿಯರ ಬಾಯಿಂದ ಕೇಳಿದ್ದನ್ನು ಎರಡು ಪುಟ ಬರೆಯಲಿ. ಹೇಳಿದವರ ಹೆಸರು, ವಯಸ್ಸು, ಹೇಳಿದ ದಿನಾಂಕ ಅದರಲ್ಲಿರಲಿ. ಕೇಳಿದ ಕಥೆ ಯಾವುದು, ಕಣ್ಣಾರೆ ಕಂಡ ಕಲ್ಲು ಯಾವುದು ಎಂಬ ಭೇದವನ್ನೂ ಮಕ್ಕಳು ಅದರಿಂದಲೇ ಕಲಿಯಲಿ. ಹೊರಗಡೆ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಹಳೆಯ ಭಾವಚಿತ್ರ, ಪಹಣಿ, ಕಾಗದಪತ್ರಗಳ ಪ್ರತಿಗಳನ್ನು ಕಳುಹಿಸಲಿ. ದಾನಿ ಮಹನೀಯರು ಈವರೆಗೆ ಕೊಠಡಿಗಳನ್ನು ಕಟ್ಟಿಸಿಕೊಟ್ಟು ನಮ್ಮನ್ನು ಋಣಿಗಳನ್ನಾಗಿಸಿದ್ದಾರೆ. ಆ ಕೊಠಡಿಗಳಲ್ಲೊಂದರ ಒಂದು ಬೀರುವನ್ನು ಈ ಬರಹಗಳಿಗೆಂದು ಬಿಟ್ಟುಕೊಟ್ಟು, ಮೂರು ವರ್ಷಕ್ಕೊಮ್ಮೆ ಅವುಗಳನ್ನು ಅಚ್ಚು ಹಾಕಿಸುವ ವೆಚ್ಚವನ್ನು ವಹಿಸಿಕೊಂಡರೆ ಅದು ಕೊಠಡಿಯಷ್ಟೇ ಘನವಾದ ದಾನವಾದೀತು.

ಈ ಕೆಲಸಕ್ಕೆ ಸರ್ಕಾರದ ಅಪ್ಪಣೆ ಬೇಕಾಗಿಲ್ಲ, ದೊಡ್ಡ ನಿಧಿಯೂ ಬೇಕಾಗಿಲ್ಲ. ಬೇಕಾದುದು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಹೊರಡುವ ಆತುರ ಮಾತ್ರ. ಶಕಲವನ್ನು ಸಕಲವೆಂದು ಪೂಜಿಸಿದ ಸೀಮೆಯ ಮಕ್ಕಳಿಗೆ ಚೂರುಗಳನ್ನು ಕೂಡಿಸುವ ವಿದ್ಯೆ ಅಪರಿಚಿತವಾಗಿರಲಾರದು. ಮುಂದಿನ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ, ಒಬ್ಬ ಬಾಲಕನೋ ಬಾಲಕಿಯೋ ಪುಸ್ತಕ, ಲೇಖನಿ ಹಿಡಿದು ತನ್ನ ಅಜ್ಜನೊಡನೆ ಆ ಬಾವಿಯ ಕಟ್ಟೆಯವರೆಗೆ ನಡೆದುಹೋಗಿ ಆ ಊರಿನ ಹೆಸರನ್ನು ಬರೆದುಕೊಂಡರೆ, ಶ್ರೀಮಠದ ಈ ವಿದ್ಯಾಲಯವು ನೀಡಿದ ಅಕ್ಷರ ಸಾರ್ಥಕವಾಯಿತೆಂದು ನಾನು ಭಾವಿಸುತ್ತೇನೆ.